ಎಂಟು ಕಾವಿನ ಕತ್ತಿ

ನಮ್ಮೂರಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ವೈದ್ಯರ ಮನೆಗೆ ಹೋಗುವುದಿಲ್ಲ, ನಮ್ಮ ಕುಲುಮೆಗೆ ಬರುತ್ತಾರೆ. ಕಣ್ಣು ಕೆಂಪಗೆ ಮಾಡಿಕೊಂಡು, ಮನೆಯವರ ಹೆಗಲಿಗೆ ಜೋತುಬಿದ್ದು ಬಂದು ಬಾಗಿಲ ಪಕ್ಕದ ಮಣೆಯ ಮೇಲೆ ಕೂರುತ್ತಾರೆ. ನನ್ನ ಹೆಂಡತಿ ಮೌನಮ್ಮ ಒಂದು ತುಂಡು ಕಬ್ಬಿಣವನ್ನು ಅವರ ಕೈಗೆ ಕೊಡುತ್ತಾಳೆ. ಅವರು ಅದನ್ನು ಅಂಗೈಯಲ್ಲಿ ಬಿಗಿಹಿಡಿದು ಬೆಚ್ಚಗೆ ಮಾಡುತ್ತಾರೆ. ಇದಕ್ಕೆ ನಾವು ಕೈ ಹಚ್ಚುವುದು ಎನ್ನುತ್ತೇವೆ. ಆಮೇಲೆ ಕಬ್ಬಿಣ ಬೆಂಕಿಗೆ ಹೋಗುತ್ತದೆ, ನಾನು ಗಾಳಿ ಊದುವ ತಿದಿ ಒತ್ತುತ್ತೇನೆ, ಕಬ್ಬಿಣ ಕೆಂಪಾಗುತ್ತ ಹೋದ ಹಾಗೆ ಮಣೆಯ ಮೇಲೆ ಕೂತವರ ಮೈ ತಣ್ಣಗಾಗುತ್ತ ಬರುತ್ತದೆ. ಹೀಗೆ ಒಂದು ಸಲ ಬೆಂಕಿಗಿಟ್ಟು ತೆಗೆದರೆ ಒಂದು ಕಾವು. ಒಂದು ಕಾವಿಗೆ ಜ್ವರ ಇಳಿಯುತ್ತದೆ. ಒಂದು ಕಾವಿಗೆ ಆಗುವುದು ಅಡುಗೆಮನೆಯ ಚೂರಿ ಮಾತ್ರ, ಹಾಗಾಗಿ ನಮ್ಮೂರಿನ ಯಾವ ಮನೆಯಲ್ಲೂ ಚೂರಿಗೆ ಬರ ಇಲ್ಲ. ಕಾಯಿಲೆಯ ಮನೆ ಯಾವುದು ಎಂದು ತಿಳಿಯಬೇಕಾದರೆ ಒಲೆಯ ಹಿಂದಿನ ಗೋಡೆಗೆ ಸಿಕ್ಕಿಸಿದ ಚೂರಿ ಎಣಿಸಿದರೆ ಸಾಕು.

ಕಾಡುಗತ್ತಿಯ ಮಾತೇ ಬೇರೆ. ಮೊಳದುದ್ದದ ಅಲಗು, ಕಿರುಬೆರಳ ದಪ್ಪದ ಬೆನ್ನು, ತುದಿಯಲ್ಲಿ ಬಳ್ಳಿಗಳನ್ನು ಎಳೆದು ಕತ್ತರಿಸುವುದಕ್ಕೆ ಗಿಣಿಯ ಮೂಗಿನ ಹಾಗೆ ಬಾಗಿದ ಕೊಕ್ಕು. ಅದಕ್ಕೆ ಒಂದು ಕಾವು ಸಾಲುವುದಿಲ್ಲ. ಮಾಡಿಸಿಕೊಳ್ಳುವವರು ಪ್ರಾಯದಲ್ಲಿ, ಒಳ್ಳೆಯ ಬೇಸಿಗೆಯಲ್ಲಿ, ಮೂರು ದಿನ ತುಪ್ಪ ಬೆಲ್ಲ ತಿಂದು ಬರುತ್ತಾರೆ. ಕಂಬಳಿಯಲ್ಲಿ ಕೂತು ಗಡಗಡ ನಡುಗುತ್ತಾರೆ. ಕಂಬಳಿಯಿಂದ ಏನೂ ಪ್ರಯೋಜನವಿಲ್ಲ, ಚಳಿ ಹುಟ್ಟುವುದು ಒಳಗೆ. ಆದರೂ ಹೊದಿಸುತ್ತೇವೆ, ಸುಮ್ಮನೆ ನೋಡುತ್ತ ಕೂರುವುದಕ್ಕಾಗುವುದಿಲ್ಲವಲ್ಲ. ಕೊನೆಗೆ ಕಾದ ಕತ್ತಿ ಗಟ್ಟಿಯಾಗಲೆಂದು ಅದ್ದಿ ನೀರು ಕುಡಿಸಿದ ಮೇಲೆ ಆ ನೀರಿನಲ್ಲೇ ಕಾಲಿಟ್ಟು ಕೂರಬೇಕು, ಕಳೆದುಕೊಂಡದ್ದರಲ್ಲಿ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಉಳಿದದ್ದನ್ನು ಮನೆಯಲ್ಲಿ ಮಲಗಿ, ಸಾರು ಕುಡಿದು ಸಂಪಾದಿಸಿಕೊಳ್ಳಬೇಕು. ಮದುವೆ ಗೊತ್ತಾದ ಗಂಡುಗಳು ಲಗ್ನದ ಹತ್ತಿರಕ್ಕೆ ಕತ್ತಿ ಮಾಡಿಸುವುದಿಲ್ಲ. ಹಿಂದೆ ಯಾರೋ ಹಾಗೆ ಮಾಡಿಸಿಕೊಂಡು, ಧಾರೆಯ ಹೊತ್ತಿಗೆ ಹೆಣ್ಣು ಅವನ ಕೈ ಮುಟ್ಟಿ ಕಿರುಚಿದಳಂತೆ. ತಲೆ ನರೆತವರು ಕೈ ಹಚ್ಚುವುದೇ ಇಲ್ಲ. ಹಚ್ಚಿದವರಲ್ಲಿ ಮಣೆಯಿಂದ ಎದ್ದವರು ಕಡಿಮೆ.

ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಮಾಡಿಸಬೇಕು ಎಂದರೆ, ಕತ್ತಿ ಇಲ್ಲದೆ ಕಾಡಿಗೆ ಹೋಗುವ ಹಾಗಿಲ್ಲ. ಊರಿನ ಮೂರು ಕಡೆಗೂ ಕಾಡೇ. ಕಡಿದುಕೊಂಡು ಹೋದವನ ಬೆನ್ನ ಹಿಂದೆಯೇ ದಾರಿ ಮುಚ್ಚಿಕೊಳ್ಳುತ್ತದೆ. ಒಬ್ಬರು ಕಡಿದ ದಾರಿಯಲ್ಲಿ ಇನ್ನೊಬ್ಬರು ಹಿಂಬಾಲಿಸಲು ಹೋದರೆ ಬಳ್ಳಿಗಳು ಕಾಲು ಹಿಡಿಯುತ್ತವೆ. ಎರವಲು ಕತ್ತಿಯೂ ನಡೆಯುವುದಿಲ್ಲ, ಮರದ ಮೇಲೆ ಜಾರಿ ನಮ್ಮ ಮೊಣಕಾಲಿಗೇ ಬರುತ್ತದೆ. ಯಾರ ಮೈಯ ಬಿಸಿಯಿಂದ ಕಬ್ಬಿಣ ಕಾದಿತ್ತೋ ಅವರ ಕೈಯಲ್ಲಷ್ಟೇ ಅದು ಕಚ್ಚುತ್ತದೆ.

ಹಾಗಾಗಿ ನಮ್ಮಲ್ಲಿ ಒಳ್ಳೆಯ ಕಮ್ಮಾರ ಎಂದರೆ ಕಡಿಮೆ ಕಾವಿನಲ್ಲಿ ಕೆಲಸ ಮುಗಿಸುವವನು ಎಂದೇ ಅರ್ಥ. ಮೌನಮ್ಮನ ಅಪ್ಪ ಐದು ಕಾವಿನಲ್ಲಿ ಕಾಡುಗತ್ತಿ ಮಾಡುತ್ತಿದ್ದರು, ಅದಕ್ಕೇ ಅವರಿಗೆ ಊರು ಕೈಮುಗಿಯುತ್ತಿತ್ತು. ಮೌನಮ್ಮನದು ಮೂರೇ ಕಾವು. ಇಂಥ ಬಾಯಿಯವಳಿಗೆ ಈ ಹೆಸರಿಟ್ಟ ಪುಣ್ಯಾತ್ಮರು ಯಾರೋ ತಿಳಿಯದು. ಅವಳ ಬೈಗುಳ ಆರಂಭವಾದರೆ ಬೀದಿಯ ನಾಯಿ ಕೂಡ ಎದ್ದು ಜಾಗ ಬದಲಿಸುತ್ತದೆ. ಆದರೆ ಸುತ್ತಿಗೆ ಹಿಡಿದಾಗ ಒಂದು ಏಟೂ ದಂಡವಾಗುವುದಿಲ್ಲ. ನಾನು ಆ ಮನೆಗೆ ಮನೆಯಳಿಯನಾಗಿ ಬಂದವನು, ತಿದಿ ಒತ್ತುವವನು. ಮೂವತ್ತು ವರ್ಷ ಒತ್ತಿದ್ದೇನೆ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಸುತ್ತಿಗೆಯ ವಿಚಾರ ಬೇಡ. ಮೊಳೆ, ಕೊಂಡಿ, ಚಿಲಕಗಳಿಗೆ ನಾವು ಎಮ್ಮೆಯ ಹೊಟ್ಟೆಗೆ ಕಬ್ಬಿಣ ಒತ್ತಿ ಕೈ ಹಚ್ಚಿಸುತ್ತೇವೆ, ಅದು ದೊಡ್ಡ ಮೈ, ಒಂದೆರಡು ಕಾವು ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ನಾನು ಸುತ್ತಿಗೆ ಎತ್ತಿಕೊಂಡರೆ ಆ ಎಮ್ಮೆ ಗೂಟ ಕಿತ್ತುಕೊಂಡು ಓಡುತ್ತದೆ.

ಕಮ್ಮಾರನಿಗೂ ತಿದಿಯವನಿಗೂ ಸ್ವಂತ ಕತ್ತಿ ಇರುವುದಿಲ್ಲ. ನಡುಗುವ ಕೈಯಲ್ಲಿ ಸುತ್ತಿಗೆ ಹಿಡಿಯುವುದು ಹೇಗೆ, ತಿದಿ ಒತ್ತುವುದು ಹೇಗೆ? ಊರಿಗೆಲ್ಲ ಕಾಡಿನ ದಾರಿ ಮಾಡಿಕೊಟ್ಟ ನಾವಿಬ್ಬರು ಕಾಡಿನೊಳಕ್ಕೆ ಒಂದು ಹೆಜ್ಜೆಯನ್ನೂ ಇಟ್ಟವರಲ್ಲ. ನಮ್ಮ ಒಬ್ಬಳೇ ಮಗಳು ನೀಲಮ್ಮನನ್ನು ಕಾಡಿನಾಚೆಯ ಹಟ್ಟಿಗೆ ಕೊಟ್ಟಿದ್ದೆವು. ಗಂಡ ಹೊನ್ನಯ್ಯ ಬೆತ್ತ ಕಡಿದು ಬುಟ್ಟಿ ಹೆಣೆಯುವವನು, ಮಾತು ಕಡಿಮೆ. ಅವಳಿಗೆ ಅವಳ ಅವ್ವನೇ ಮಾಡಿಕೊಟ್ಟ ಕತ್ತಿ ಇತ್ತು, ಹಬ್ಬಕ್ಕೆ ಹುಣ್ಣಿಮೆಗೆ ಬಂದು ಹೋಗುತ್ತಿದ್ದಳು. ಅವಳ ಮನೆ ಹೇಗಿದೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ನಮಗೆ ಗೊತ್ತಿರಲಿಲ್ಲ.

ಕಳೆದ ಚಳಿಗಾಲದ ಕೊನೆಯಲ್ಲಿ ಹೊನ್ನಯ್ಯ ಒಬ್ಬನೇ ಬಂದ. ನೀಲಮ್ಮ ಏಳು ತಿಂಗಳ ಬಸುರಿ, ಹೆರಿಗೆಗೆ ತವರಿಗೆ ಬರಬೇಕಾಗಿದ್ದವಳು. ಬಾಗಿಲಲ್ಲಿ ಅಳಿಯ ಒಬ್ಬನನ್ನೇ ಕಂಡು ಅವನ ಬೆನ್ನ ಹಿಂದೆ ಇಣುಕಿ ನೋಡಿದೆ. ಹಿಂದಿನ ವರ್ಷ ಒಂದು ಕೂಸು ಹುಟ್ಟುವಾಗಲೇ ಹೋಗಿತ್ತು, ಅವಳೂ ಹೋಗುವುದರಲ್ಲಿದ್ದಳು.

"ಏನಾಗಿದೆ ಅವಳಿಗೆ? ಬಾಯಿಬಿಡೋ," ಎಂದಳು ಮೌನಮ್ಮ.

"ಏಳಬಾರ್ದು ಅಂದವ್ರೆ ಸೂಲಗಿತ್ತಿ. ಎದ್ರೆ ರಕ್ತ ಕಾಣ್ತದೆ. ಮಲಗೇ ಅವ್ಳೆ," ಎಂದ ಹೊನ್ನಯ್ಯ. ಆಮೇಲೆ ನೆಲ ನೋಡಿಕೊಂಡು, "ಅವ್ವ ಬರ್ಲಿ ಅಂತ ಅಳ್ತಾಳೆ. ಅವ್ವ ಇದ್ರೆ ಈ ಸಲ ಉಳೀತೀನಿ ಅಂತಾಳೆ. ಬೇರೆ ಏನೂ ಕೇಳಲ್ಲ," ಎಂದ.

ಮೌನಮ್ಮ ಅವನಿಗೆ ಊಟ ಬಡಿಸಿದಳು. ಅವನು ಉಂಡು ಕೈ ತೊಳೆಯುವವರೆಗೂ ಒಂದು ಮಾತಾಡಲಿಲ್ಲ. ನಾನು ಹುಷಾರಾದೆ, ಆ ಹೆಂಗಸು ಸುಮ್ಮನಿದ್ದರೆ ಒಳ್ಳೆಯದಲ್ಲ.

"ಹೋಗ್ತೀನಿ," ಎಂದಳು.

"ಹೇಗೆ ಹೋಗ್ತೀಯ?"

"ಕತ್ತಿ ಮಾಡಿಸ್ಕೊಂಡು ಹೋಗ್ತೀನಿ. ಹಾರ್ಕೊಂಡು ಹೋಗ್ತೀನಾ?"

"ಯಾರು ಮಾಡ್ತಾರೆ?" ಎಂದು ಕೇಳಿದೆ. ಕೇಳಬಾರದಿತ್ತು. ಅವಳು ನನ್ನನ್ನು ನೋಡಿದಳು. ಹೊನ್ನಯ್ಯನೂ ನೋಡಿದ. ಅವನಿಗೆ ಸುತ್ತಿಗೆಯ ತಲೆ ಯಾವುದು ಬುಡ ಯಾವುದು ತಿಳಿಯದು, ಊರಲ್ಲಿ ಬೇರೆ ಕಮ್ಮಾರರಿಲ್ಲ. ಅವಳ ತಲೆ ನೋಡಿದೆ. ಕಿವಿಯ ಮೇಲಿನದು ಯಾವತ್ತೋ ಬೆಳ್ಳಗಾಗಿತ್ತು, ನಡುನೆತ್ತಿಯಲ್ಲೂ ಕಪ್ಪು ಉಳಿದಿರಲಿಲ್ಲ.

"ನಿನಗೆ ತಲೆ ಕೆಟ್ಟಿದೆಯಾ? ನನ್ನ ಕೈಯಲ್ಲಿ ಒಂದು ಮೊಳೆಗೆ ನಾಲ್ಕು ಕಾವು ಬೇಕು!"

"ಗೊತ್ತು. ಎಮ್ಮೆ ನನ್ನ ಹತ್ರ ಹೇಳಿದೆ," ಎಂದಳು.

ಸುದ್ದಿ ಪಕ್ಕದ ಮನೆಯ ದ್ಯಾವಕ್ಕನಿಗೆ ಮುಟ್ಟಿತು, ಅಲ್ಲಿಂದ ಊರಿಗೇ ಹಬ್ಬಿತು. ದ್ಯಾವಕ್ಕ ಬಂದು ಮೌನಮ್ಮನಿಗೆ ಕೈಮುಗಿದು ಬೇಡಿಕೊಂಡಳು, ಆಮೇಲೆ ಬೈದಳು, ಎರಡೂ ಉಪಯೋಗಕ್ಕೆ ಬಾರದಿದ್ದಾಗ ಒಂದು ಉಪಾಯ ಹೇಳಿದಳು. "ಹೋಗೋದೇ ಹೌದಾದ್ರೆ ಮೊದ್ಲು ಒಂದು ಜ್ವರ ಬರಿಸ್ಕೊ ತಾಯಿ. ಜ್ವರದ ಮೇಲೆ ಕೂತ್ರೆ ಒಂದೆರಡು ಕಾವಾದ್ರೂ ಪುಕ್ಕಟೆ ಸಿಗ್ತದೆ." ನಮಗೆಲ್ಲ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು.

ಜ್ವರ ಬರಿಸಿಕೊಳ್ಳುವುದು ಸುಲಭ ಎಂದುಕೊಂಡಿದ್ದೆವು. ಈ ಹೆಂಗಸಿಗೆ ಜನ್ಮದಲ್ಲೇ ಜ್ವರ ಬಂದದ್ದಿಲ್ಲ ಎನ್ನುವುದು ಆಮೇಲೆ ನೆನಪಾಯಿತು. ಬೆಳಿಗ್ಗೆ ತಣ್ಣೀರಲ್ಲಿ ತಲೆ ನೆನೆಸಿಕೊಂಡು ಗಾಳಿಗೆ ಕೂತಳು. ಹಳಸಿದ ಅನ್ನಕ್ಕೆ ಹುಳಿಮಜ್ಜಿಗೆ ಕಲಸಿ ತಿಂದಳು. ಊರಲ್ಲಿ ಜ್ವರ ಬಂದವರ ಮನೆಗೆಲ್ಲ ಹೋಗಿ ಅವರ ಹಾಸಿಗೆಯ ಪಕ್ಕ ಕೂತು, ಅವರ ಉಸಿರು ತಾಗಲೆಂದು ಮೂಗು ಮುಂದೆ ಮಾಡಿ ಮಾತಾಡಿಸಿದಳು. ಅವರಿಗೆ ಗುಣವಾಯಿತು. ಇವಳಿಗೆ ಎರಡು ಸೀನು ಬಂತು, ಅದೂ ಮಧ್ಯಾಹ್ನದೊಳಗೆ ನಿಂತುಹೋಯಿತು. ನಡುವೆ ನೆಂಟರ ಮನೆಯಿಂದ ಬಂದವರು ಯಾರೋ "ಏನ್ ಮೌನಮ್ಮ, ಆರಾಮಾಗಿದ್ದೀಯಾ?" ಎಂದು ಕೇಳಿ ಬೈಸಿಕೊಂಡು ಹೋದರು. ಹೊನ್ನಯ್ಯ ಜಗಲಿಯಲ್ಲಿ ಕೂತು ಬುಟ್ಟಿಯ ಮೇಲೆ ಬುಟ್ಟಿ ಹೆಣೆಯುತ್ತಿದ್ದ. ಒಂದು ಸಂಜೆ ಅವನು ಹೆಣೆಯುವುದನ್ನು ನಿಲ್ಲಿಸಿ, "ದಿನ ಹತ್ರ ಬರ್ತಾ ಐತೆ ಅತ್ತೆ," ಎಂದ. ಮೌನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನಾಳೆ ಬೆಳಿಗ್ಗೆ ಕುಲುಮೆ ಹಚ್ಚೋದು," ಎಂದಳು.

ಕಬ್ಬಿಣ ಅವಳೇ ಆರಿಸಿದಳು, ಇದ್ದಿಲನ್ನು ಒಂದೊಂದಾಗಿ ತಟ್ಟಿ ನೋಡಿ ಅವಳೇ ಹಾಕಿದಳು. ಹೊನ್ನಯ್ಯನಿಗೆ ತಿದಿ ಒತ್ತುವುದನ್ನು ನಾನು ಕಲಿಸಿದೆ. ದ್ಯಾವಕ್ಕ ಮೆಣಸು ಶುಂಠಿಯ ಕಷಾಯ ಮಾಡಿಕೊಂಡು, ತನ್ನ ಮನೆಯ ಕಂಬಳಿಗಳನ್ನೆಲ್ಲ ಹೊತ್ತುಕೊಂಡು ಬಂದಳು. ಮೌನಮ್ಮ ಮಣೆಯ ಮೇಲೆ ಕೂತಳು. ಮೂವತ್ತು ವರ್ಷದಲ್ಲಿ ಅವಳು ಆ ಮಣೆಯ ಮೇಲೆ ಕೂತದ್ದು ಅದೇ ಮೊದಲು. ಕಬ್ಬಿಣವನ್ನು ಎರಡೂ ಅಂಗೈಯಲ್ಲಿ ಹಿಡಿದು, ಯಾರ ಕಡೆಗೂ ನೋಡದೆ ಬೆಚ್ಚಗೆ ಮಾಡಿ ನನಗೆ ಕೊಟ್ಟಳು. ನನ್ನ ಕೈ ಆಗಲೇ ನಡುಗುತ್ತಿತ್ತು.

"ನಡುಗೋಳು ನಾನು. ನೀನ್ಯಾಕೆ ನಡುಗ್ತೀಯ?" ಎಂದಳು.

ಮೊದಲು ಹಿಡಿಗೆ ಸೇರುವ ಬಾಲ ಎಳೆಯಬೇಕು. ಕಬ್ಬಿಣ ಹಳದಿಗೆ ತಿರುಗುವಾಗ ತೆಗೆದೆ, ಅಡಿಗಲ್ಲಿನ ಮೇಲಿಟ್ಟು ಹೊಡೆದೆ. "ಅಂಚಿನ ಮೇಲಿಟ್ಟು ಹೊಡಿ! ನಡುವೆ ಇಟ್ರೆ ಚಪಾತಿ ಆಗ್ತದೆ ಅಷ್ಟೇ," ಎಂದು ಮಣೆಯಿಂದ ಕೂಗಿದಳು. ಅಂಚಿಗೆ ಸರಿಸಿದೆ. ಸರಿಸುವಷ್ಟರಲ್ಲಿ ಬಣ್ಣ ಇಳಿಯಿತು. ಬಾಲ ಅರ್ಧಕ್ಕೆ ನಿಂತಿತ್ತು. ಅವಳಾಗಿದ್ದರೆ ಆ ಒಂದೇ ಕಾವಿನಲ್ಲಿ ಬಾಲ ಎಳೆದು ಅಲಗನ್ನೂ ಹರಡಿರುತ್ತಿದ್ದಳು. ಮತ್ತೆ ಬೆಂಕಿಗೆ ಹಾಕಿ ಬಾಲ ಮುಗಿಸಿದೆ. "ಇದೇ ಕೊನೇದು, ಇನ್ನು ಬೇಗ ಆಗ್ತದೆ," ಎಂದೆ. ಏನೋ ಹೇಳಬೇಕಿತ್ತು, ಹೇಳಿದೆ.

ಅಲಗು ಹರಡುವುದಕ್ಕೆ ಎರಡು ಕಾವು ಹೋದವು. ಅವಳ ಹಲ್ಲು ಕಟಕಟ ಎನ್ನುವುದು ಸುತ್ತಿಗೆಯ ಸದ್ದಿನ ನಡುವೆಯೂ ಕೇಳುತ್ತಿತ್ತು. ಆದರೆ ಬೈಗುಳ ನಿಂತಿರಲಿಲ್ಲ. ಮಂಕುದಿಣ್ಣೆ ಎಂದಳು, ಸುತ್ತಿಗೆ ಹಿಡಿದ ಕೊರಡು ಎಂದಳು, ನಮ್ಮಪ್ಪನಿಗೆ ನಿನ್ನನ್ನು ಹುಡುಕಿ ತರುವಾಗ ಕಣ್ಣಿಗೆ ಪೊರೆ ಬಂದಿತ್ತು ಎಂದಳು. ಪ್ರತಿ ಬೈಗುಳದ ಬಾಲಕ್ಕೆ ಒಂದು ಬುದ್ಧಿ ಇರುತ್ತಿತ್ತು: ಎಡಕ್ಕೆ ತಿರುಗಿಸು, ಬೆನ್ನು ಮುಟ್ಟಬೇಡ, ಏಟು ಹಗುರ ಮಾಡು. ನಾನು ಹೇಳಿದ ಹಾಗೆ ಹೊಡೆದೆ. ಪ್ರತಿ ಸಲ ಕಬ್ಬಿಣವನ್ನು ಬೆಂಕಿಗೆ ಹಿಂದಕ್ಕೆ ಹಾಕುವಾಗ "ಇದೇ ಕೊನೇದು ಕಣೆ" ಎನ್ನುತ್ತಿದ್ದೆ. ಹೊನ್ನಯ್ಯ ತಿದಿ ಒತ್ತುತ್ತ ಅಳುತ್ತಿದ್ದ. ತಿದಿಯ ಕೆಲಸ ಕೆಡಿಸಲಿಲ್ಲ, ಅದಕ್ಕೆ ಏನೂ ಅನ್ನಲಿಲ್ಲ.

ಐದನೆಯ ಕಾವಿನಲ್ಲಿ ಕೊಕ್ಕು ಬಗ್ಗಿಸಿದೆ. ನಾಲ್ಕೇ ಏಟಿಗೆ ಅದು ಬಗ್ಗಿ ನಿಂತಿತು, ನನ್ನ ಕೈಯಿಂದ ಅಂಥದ್ದು ಆದೀತು ಎಂದು ನಾನೇ ನಂಬಿರಲಿಲ್ಲ. ಎತ್ತಿ ಅವಳಿಗೆ ತೋರಿಸಿದೆ.

"ಇನ್ನೂ ಬಗ್ಗಿಸು," ಎಂದಳು. ಧ್ವನಿ ಸಣ್ಣದಾಗಿತ್ತು. "ಅತಿ ಆಯ್ತು ಅನ್ನಿಸೋವರೆಗೂ ಬಗ್ಗಿಸು."

"ಸರಿಯಾಗಿದೆ ಕಣೆ, ಎಷ್ಟು ಚೆಂದ ಇದೆ ನೋಡು."

"ಚೆಂದ ನೋಡೋಕೆ ಮದುವೆ ಹೆಣ್ಣಾ ಅದು? ಬಗ್ಗಿಸು ಅಂದ್ರೆ ಬಗ್ಗಿಸು."

ಬಗ್ಗಿಸಲಿಲ್ಲ. ಜೀವಮಾನದಲ್ಲಿ ಒಂದು ಸಲ ಒಳ್ಳೆಯದಾಗಿದ್ದನ್ನು ಮತ್ತೆ ಹೊಡೆದು ಹಾಳುಮಾಡುವುದು ಬೇಡ ಎನ್ನಿಸಿತು. ಆಮೇಲೆ ಕತ್ತಿಯ ಬಾಯಿ ತೆಳುಮಾಡಲು ಕೂತೆ. ಬಾಯಿಯ ಅಂಚನ್ನು ಹೊಡೆದು ತೆಳ್ಳಗೆ ಮಾಡಿದಂತೆಲ್ಲ ಆ ಕಡೆಯ ಕಬ್ಬಿಣ ಉದ್ದವಾಗುತ್ತದೆ, ಅಲಗು ಬೆನ್ನಿನ ಕಡೆಗೆ ವಾಲುತ್ತದೆ. ಮೂವತ್ತು ವರ್ಷ ಎದುರಿಗೇ ಕೂತು ನೋಡಿದ ನನಗೆ ಇದು ತಿಳಿದಿರಬೇಕಿತ್ತು. ನೋಡುತ್ತಿದ್ದಂತೆ ನನ್ನ ಚೆಂದದ ಕೊಕ್ಕು ಬಿಚ್ಚಿಕೊಳ್ಳುತ್ತ ಬಂತು. ಎರಡು ಕಾವು ಮುಗಿಯುವ ಹೊತ್ತಿಗೆ ಅದು ಕೊಕ್ಕಾಗಿ ಉಳಿದಿರಲಿಲ್ಲ, ತುದಿಯಲ್ಲಿ ಒಂದಿಷ್ಟು ಸೊಟ್ಟ ಇತ್ತು ಅಷ್ಟೇ. ಈಗ ಬರುತ್ತದೆ ಬೈಗುಳ ಎಂದು ತಲೆ ತಗ್ಗಿಸಿ ಕಾದೆ.

"ನೀವು ದಣಿದಿದ್ದೀರಿ," ಎಂದಳು ಮೌನಮ್ಮ. "ಒಂದು ಗುಟುಕು ನೀರು ಕುಡೀರಿ."

ಮದುವೆಯಾದಾಗಿನಿಂದ ಅವಳು ನನ್ನನ್ನು ನೀವು ಎಂದವಳಲ್ಲ. ಸುತ್ತಿಗೆ ಕೆಳಗಿಟ್ಟು ಅವಳ ಹತ್ತಿರ ಹೋದೆ. ಹೊನ್ನಯ್ಯ ಮಾತ್ರ ಕಣ್ಣೊರೆಸಿಕೊಂಡು, "ಅತ್ತೆ ಸುಧಾರಿಸ್ಕೊಂಡ್ರು," ಎಂದು ಸಮಾಧಾನಪಟ್ಟ. ಪಾಪ, ಅವನಿಗೆ ನಮ್ಮ ಮನೆಯ ಪದ್ಧತಿ ಗೊತ್ತಿಲ್ಲ. ದ್ಯಾವಕ್ಕ ಅವಳನ್ನು ಹಿಂದಿನಿಂದ ತಬ್ಬಿಕೊಂಡು ಕೂತಿದ್ದಳು, ನನ್ನ ಮುಖ ನೋಡಿ ಬೇಡ ಬೇಡ ಎಂದು ತಲೆಯಾಡಿಸಿದಳು. ಮೌನಮ್ಮನ ಉಗುರುಗಳು ನೇರಳೆ ಹಣ್ಣು ತಿಂದವರ ನಾಲಿಗೆಯ ಹಾಗಾಗಿದ್ದವು. ಮೈಯ ನಡುಕ ನಿಂತಿತ್ತು.

"ಇನ್ನೊಂದು ಕಾವು ಕೊಟ್ಟು ಕೊಕ್ಕು ಬಗ್ಗಿಸಿಬಿಡಿ," ಎಂದಳು, ಯಾರೋ ನೆಂಟರ ಹತ್ತಿರ ಮಾತಾಡುವ ಹಾಗೆ. "ಆಮೇಲೆ ಒಂದು ಕಾವಿಗೆ ನೀರು ಕುಡಿಸಿ. ನನಗೇನೂ ತೊಂದರೆ ಇಲ್ಲ. ಈಗ ಚಳಿಯೇ ಇಲ್ಲ."

ಕೊಕ್ಕಿಲ್ಲದ ಕತ್ತಿಯಲ್ಲಿ ಬಳ್ಳಿಯನ್ನು ಎಳೆದು ಕಡಿಯಲಾಗುವುದಿಲ್ಲ, ಒಂದೊಂದನ್ನೂ ಕೈಯಲ್ಲಿ ಹಿಡಿದು ಕೊಯ್ಯಬೇಕು. ಅರ್ಧ ದಿನದ ಕಾಡು ಎರಡು ದಿನವಾದರೂ ಆದೀತು, ಅಷ್ಟರಲ್ಲಿ ಅಲ್ಲಿ ಮಗಳಿಗೆ ಏನಾಗಿರುತ್ತದೋ. ಆದರೆ ನೀರು ಕುಡಿಸದ ಕತ್ತಿ ಕತ್ತಿಯೇ ಅಲ್ಲ, ಸೌದೆಯ ತುಂಡಿಗೂ ಬಾಗುತ್ತದೆ. ಒಂದೇ ಕಾವಿನಲ್ಲಿ ಎರಡನ್ನೂ ಮಾಡುವ ಕೈ ಇದ್ದದ್ದು ಅವಳಿಗೆ, ನನಗಲ್ಲ. ಮದುವೆಯಾದಾಗಿನಿಂದ ಅವಳ ಒಂದು ಮಾತನ್ನೂ ನಾನು ಮೀರಿದವನಲ್ಲ, ಆವತ್ತಿನ ಆ ಕೊಕ್ಕಿನ ಮಾತು ಬಿಟ್ಟರೆ. ಮೀರಿದ್ದರಿಂದಲೇ ಈ ಗತಿ ಬಂದಿತ್ತು. ಈಗ ಮತ್ತೆ ಮೀರಬೇಕಿತ್ತು.

"ಒತ್ತು," ಎಂದೆ ಹೊನ್ನಯ್ಯನಿಗೆ. "ಇದೇ ಕೊನೇದು."

ಕಬ್ಬಿಣ ಕಾಯುವವರೆಗೆ ಅವಳನ್ನು ನೋಡಲಿಲ್ಲ. ನೋಡಿದ್ದರೆ ತೆಗೆದುಬಿಡುತ್ತಿದ್ದೆ. ಅಲಗಿನ ಉದ್ದಕ್ಕೂ ಒಂದೇ ಕೆಂಪು ಬಂದ ತಕ್ಷಣ ಎತ್ತಿ, ಅಡಿಗಲ್ಲಿನ ಕಡೆಗೆ ತಿರುಗದೆ ನೇರವಾಗಿ ತೊಟ್ಟಿಯ ನೀರಿಗೆ ಇಳಿಸಿದೆ. ಬಾಯಿ ಮಾತ್ರ ನೀರಿಗೆ, ಬೆನ್ನು ಮೇಲೆ. ನೀರು ಚೀರಿತು. ಬೆನ್ನಲ್ಲಿ ಉಳಿದ ಬಿಸಿ ಬಾಯಿಯ ಕಡೆಗೆ ಹರಿದು, ಒಣಹುಲ್ಲಿನ ಬಣ್ಣ ಬಂದು, ಜೇನಿನ ಬಣ್ಣವಾಗುವಾಗ ಪೂರ್ತಿ ಮುಳುಗಿಸಿದೆ. ಬಣ್ಣ ನೋಡುವುದಷ್ಟು ನನಗೂ ಬರುತ್ತದೆ, ತಿದಿಯವನ ಕೆಲಸವೇ ಅದು. ಕತ್ತಿಯನ್ನು ನೆಲಕ್ಕೆಸೆದು, ಅವಳನ್ನು ಎತ್ತಿಕೊಂಡು ಬಂದು ಎರಡೂ ಕಾಲನ್ನು ಆ ನೀರಲ್ಲಿಟ್ಟೆ. ಸೌದೆ ಎತ್ತಿದ ಹಾಗಿತ್ತು. ದ್ಯಾವಕ್ಕ ಅಂಗೈ ತಿಕ್ಕಿದಳು, ನಾನು ಪಾದ ತಿಕ್ಕಿದೆ. ಹೊನ್ನಯ್ಯ ಸುಮ್ಮನೆ ತಿದಿ ಒತ್ತುತ್ತಲೇ ಇದ್ದ, ನಿಲ್ಲಿಸು ಎಂದು ಹೇಳುವುದನ್ನೂ ಮರೆತಿದ್ದೆವು. ನನಗೆ ಗೊತ್ತಿರುವ ದೇವರುಗಳ ಹೆಸರೆಲ್ಲ ಮುಗಿದು, ಗೊತ್ತಿಲ್ಲದ ಹೆಸರುಗಳನ್ನೂ ಕರೆದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅವಳ ಹೆಬ್ಬೆರಳು ನನ್ನ ಕೈಯೊಳಗೆ ಒಂದು ಸಲ ಅದುರಿತು, ಮೈಯೆಲ್ಲ ಮತ್ತೆ ನಡುಗಲು ಶುರುವಾಯಿತು. ಕಣ್ಣು ಬಿಟ್ಟು ನೆಲದ ಮೇಲೆ ಬಿದ್ದಿದ್ದ ಕತ್ತಿಯನ್ನು ನೋಡಿದಳು.

"ಕೊಕ್ಕೆಲ್ಲೋ, ಮನೆಹಾಳ?" ಎಂದಳು.

ನಾನು ಅತ್ತೆ. ದ್ಯಾವಕ್ಕನ ಎದುರಿಗೆ, ಅಳಿಯನ ಎದುರಿಗೆ, ಹೋ ಎಂದು ಅತ್ತೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಹದಿನೈದು ದಿನವಾದರೂ ಮಲಗಬೇಕು ಎಂದು ಎಲ್ಲರೂ ಹೇಳಿದರು. ಅವಳು ಗೋಡೆ ಹಿಡಿದು ನಡೆಯುವಷ್ಟಾದ ತಕ್ಷಣ ಎದ್ದಳು. ಕತ್ತಿಯ ಬಾಯನ್ನು ಕಲ್ಲಿಗೆ ಹಿಡಿದು ತಾನೇ ಮಸೆದಳು, ಹಿಡಿಯನ್ನು ತಾನೇ ಕೂರಿಸಿದಳು, ಊರವರು ನೋಡದಿರಲಿ ಎಂದು ಗೋಣಿಯಲ್ಲಿ ಸುತ್ತಿಕೊಂಡಳು. "ಮೂರು ಕಾವಿನ ಮೌನಮ್ಮ ಹೊತ್ಕೊಂಡ್ ಹೋಗೋ ಕತ್ತಿ ನೋಡು," ಎಂದು ದಾರಿಯುದ್ದಕ್ಕೂ ಗೊಣಗಿದಳು. ಕಾಡಿನ ಅಂಚಿನವರೆಗೆ ನಾನೂ ಹೋದೆ. ಹೊನ್ನಯ್ಯ ಒಂದು ಕಡೆಯಿಂದ ಕಡಿದುಕೊಂಡು ಒಳಗೆ ಹೋದ, ಅವಳು ಪಕ್ಕದಲ್ಲೇ ಇನ್ನೊಂದು ಕಡೆಯಿಂದ. ಮೊದಲನೆಯ ಬಳ್ಳಿಗೆ ಕತ್ತಿ ಬೀಸಿದಳು. ಕಚ್ಚಿತು. ಆದರೆ ಕೊಕ್ಕಿಲ್ಲದ್ದರಿಂದ ಬಳ್ಳಿ ಜಾರಿ, ಕೈಯಲ್ಲಿ ಹಿಡಿದು ಕೊಯ್ಯಬೇಕಾಯಿತು. ತಿರುಗಿ ನನ್ನನ್ನು ನೋಡಿ ಏನೋ ಅಂದಳು, ಕೇಳಿಸಲಿಲ್ಲ. ಏನಿರಬಹುದು ಎಂದು ಗೊತ್ತಿತ್ತು. ಅವಳ ಬೆನ್ನ ಹಿಂದೆ ಎಲೆಗಳು ಕೂಡಿಕೊಂಡವು. ಹೊನ್ನಯ್ಯನ ಕತ್ತಿಯ ಸದ್ದು ಮೊದಲು ದೂರವಾಯಿತು, ಅವಳದು ಹತ್ತಿರದಲ್ಲೇ ಬಹಳ ಹೊತ್ತು ಕೇಳುತ್ತಿತ್ತು.

ಅವಳಿಲ್ಲದ ದಿನಗಳಲ್ಲಿ ಜ್ವರ ಬಂದವರು ಬಾಗಿಲು ತಟ್ಟಿದರು. ವೈದ್ಯರ ಹತ್ತಿರ ಹೋಗಿ ಎಂದು ಕಳಿಸಿದೆ, ವೈದ್ಯರು ಬಹಳ ಸಂತೋಷಪಟ್ಟರಂತೆ. ನಾನು ಸುತ್ತಿಗೆ ಮುಟ್ಟಲಿಲ್ಲ. ಅವಳದು ಬೆಳ್ಳಗಿನ ತಲೆ, ಮೈಯಲ್ಲಿ ಬಿಸಿಯಿಲ್ಲ, ಕೈಯಲ್ಲಿ ಸೊಟ್ಟ ಕತ್ತಿ. ಕಾಡಿನ ನಡುವೆ ಎಲ್ಲಾದರೂ ಕೂತು ಏಳದೆ ಹೋದರೆ ಯಾರೂ ಹುಡುಕುವಂತಿಲ್ಲ, ದಾರಿ ಮುಚ್ಚಿರುತ್ತದೆ. ಕೊಕ್ಕು ಬಗ್ಗಿಸಿದ್ದರೆ ಬೇಗ ಮುಟ್ಟುತ್ತಿದ್ದಳು. ಬಗ್ಗಿಸಲು ಹೋಗಿದ್ದರೆ ಹೊರಡುತ್ತಲೇ ಇರಲಿಲ್ಲ. ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸುತ್ತ ಎಮ್ಮೆಯ ಹತ್ತಿರ ಕೂರುತ್ತಿದ್ದೆ. ಸುತ್ತಿಗೆ ಇಲ್ಲದ್ದರಿಂದ ಅದೂ ನನ್ನನ್ನು ಸಹಿಸಿಕೊಂಡಿತ್ತು.

ಮಾವಿನ ಕಾಯಿ ಇಳಿಸುವ ಕಾಲಕ್ಕೆ ಅವಳು ಬಂದಳು, ಹೊನ್ನಯ್ಯ ಜೊತೆಯಲ್ಲಿದ್ದ. ಇಳಿದುಹೋಗಿದ್ದಳು, ಅಂಗೈಯೆಲ್ಲ ಬಳ್ಳಿ ಕೊಯ್ದ ಗಾಯ. ನಾನು ಬಾಯಿ ತೆರೆಯುವ ಮೊದಲೇ, "ಇಬ್ಬರೂ ಇದ್ದಾರೆ, ಹೆದರಬೇಡ," ಎಂದಳು. ಆಮೇಲೆ ಒಳಗೆ ಹೋಗಿ ನೀರು ಕುಡಿದು ಬಂದು ಉಳಿದದ್ದು ಹೇಳಿದಳು. ಅವಳು ಮುಟ್ಟುವ ಹೊತ್ತಿಗೆ ನೋವು ಶುರುವಾಗಿ ಒಂದು ಹಗಲು ಕಳೆದಿತ್ತಂತೆ. ಕೂಸು ಅಡ್ಡ ತಿರುಗಿತ್ತಂತೆ. ಸೂಲಗಿತ್ತಿ ಕೈಚೆಲ್ಲಿ ಕೂತಿದ್ದಳಂತೆ.

"ಮೊದ್ಲು ಸೂಲಗಿತ್ತಿಗೆ ಬೈದೆ. ಆಮೇಲೆ ಮಗಳಿಗೆ ಬೈದೆ. ಆಮೇಲೆ ಒಳಗಿದ್ದ ಕೂಸಿಗೆ ಬೈದೆ. ತಿರುಗ್ತು," ಎಂದಳು. "ಹೆಣ್ಣು. ನಿನ್ನ ಮೂಗೇ ಹೊತ್ಕೊಂಡು ಬಂದಿದೆ, ಏನ್ ಮಾಡೋಕಾಗ್ತದೆ."

ಒಂದು ಹಗಲು ತಡವಾಗಿತ್ತು, ನನ್ನ ಕತ್ತಿಯಿಂದ. ಅದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊನ್ನಯ್ಯ ಕೆಮ್ಮಿ, "ನೀಲಮ್ಮ, ಅಪ್ಪ ಬರ್ಲಿ ಅಂತಾಳೆ. ಮಗಳ ಮೂಗು ನೋಡ್ಕೊಂಡು ಅಪ್ಪ ಅಪ್ಪ ಅಂತ ಒಂದೇ ಸಮ," ಎಂದ. ನಾನು ಕೇಳಿಸದವನ ಹಾಗೆ ಎಮ್ಮೆಗೆ ಹುಲ್ಲು ಹಾಕಲು ಎದ್ದೆ. ನನ್ನ ತಲೆ ಅವಳ ತಲೆಗಿಂತ ಮೊದಲು ನರೆತದ್ದು.

ತಿರುಗಿ ಬರುವಾಗ ಕುಲುಮೆಯಲ್ಲಿ ಹೊಗೆ ಕಾಣಿಸಿತು. ಮೌನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಹೊನ್ನಯ್ಯ ತಿದಿಯ ಹತ್ತಿರ ಕೂತಿದ್ದ. ಅವಳು ಒಂದು ತುಂಡು ಕಬ್ಬಿಣವನ್ನು ನನ್ನ ಮುಂದೆ ಹಿಡಿದಳು.

"ಕೈ ಹಚ್ಚು."

"ಮುಂದಿನ ವರ್ಷ ನೋಡೋಣ ಕಣೆ. ನೀನೂ ಈಗ ತಾನೆ ಬಂದಿದ್ದೀಯ, ದಣಿವು..."

"ಹಚ್ಚು ಅಂದೆ."

ಹಚ್ಚಿದೆ. ಮಣೆಯ ಮೇಲೆ ಕೂತು ಕಂಬಳಿ ಹೊದ್ದೆ. ಅಷ್ಟು ವರ್ಷ ಅಷ್ಟೊಂದು ಜನರನ್ನು ಅಲ್ಲಿ ಕೂರಿಸಿ ತಿದಿ ಒತ್ತಿದ್ದೆ, ಚಳಿ ಎಂದರೆ ಏನು ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಮೊದಲನೆಯ ಕಾವಿಗೆ ಮೊಣಕಾಲಿನಿಂದ ಕೆಳಗೆ ನನ್ನದಲ್ಲ ಎನ್ನಿಸಿತು. ಅವಳು ಬಾಲ ಎಳೆದು, ಅಲಗು ಹರಡಿ, ಕಬ್ಬಿಣ ಇನ್ನೂ ಕೆಂಪಗಿರುವಾಗಲೇ ಬೆಂಕಿಗೆ ಹಿಂದಕ್ಕಿಟ್ಟಳು. ಎರಡನೆಯದು ಎದೆಯವರೆಗೆ ಬಂತು. ಉಸಿರು ಎಳೆದುಕೊಂಡರೆ ಒಳಗೆ ಹೋಗಲೊಲ್ಲದು. ಮಗಳು ನೆನಪಿಗೆ ಬರಲಿಲ್ಲ, ಮೊಮ್ಮಗಳು ನೆನಪಿಗೆ ಬರಲಿಲ್ಲ. ಇದು ನಿಂತರೆ ಸಾಕು ಎನ್ನುವುದೊಂದೇ ಇತ್ತು.

"ಸಾಕು, ನಿಲ್ಲಿಸು," ಎಂದೆ. "ನನ್ನ ಕೈಲಾಗಲ್ಲ. ನಿಲ್ಲಿಸೇ."

ಅವಳು ತಲೆ ಎತ್ತಲಿಲ್ಲ. ಕೊಕ್ಕನ್ನು ಅತಿಯಾಗಿ ಬಗ್ಗಿಸಿ, ಬಾಯಿ ಹೊಡೆಯುತ್ತಿದ್ದಳು. ಆಗಿದ್ದದ್ದು ಎರಡೇ ಕಾವು. ನಾನು ಅವಳಿಗೆ ಕೊಟ್ಟದ್ದು ಎಂಟು. ಎಂಟಕ್ಕೂ ಅವಳು ಕೂತಿದ್ದಳು, ನನ್ನ ಕೈ ತಪ್ಪಿದಾಗಲೆಲ್ಲ ತಿದ್ದುತ್ತ, ಬೈಯುತ್ತ. ನನ್ನ ಹಲ್ಲುಗಳು ಒಂದಕ್ಕೊಂದು ಬಡಿಯುತ್ತಿದ್ದವು, ಆದರೂ ಕೇಳಿದೆ.

"ಎಂಟು ಹೇಗೆ ತಡ್ಕೊಂಡ್ಯೇ?"

"ಪ್ರತಿ ಸಲ ಇದೇ ಕೊನೇದು ಅಂತಿದ್ದೆಯಲ್ಲ," ಎಂದಳು ಮೌನಮ್ಮ. "ನಂಬಿದ್ದೆ."

ಕಬ್ಬಿಣವನ್ನು ಬೆಂಕಿಗಿಟ್ಟು ಹೊನ್ನಯ್ಯನಿಗೆ ಸನ್ನೆ ಮಾಡಿದಳು. ಅವನು ತಿದಿ ಒತ್ತಿದ.

"ಇದೇ ಕೊನೇದು," ಎಂದಳು.